ಹಿತ್ತಾಳೆ ಕೇಸನ್ನು ಎಷ್ಟು ಸಲ ನಂಬಬಹುದು?

ಪ್ರಶ್ನೆ: ಅಮೆರಿಕದ ಮಾಂಟಾನಾದಲ್ಲಿದ್ದೇನೆ. ನನ್ನಲ್ಲಿ .308 ವಿಂಚೆಸ್ಟರ್ ಬೋಲ್ಟ್ ರೈಫಲ್ ಇದೆ. ಇಲ್ಲಿ ಅನುಮತಿ ಇರುವುದರಿಂದ ಕಾಡತೂಸುಗಳನ್ನು ನಾನೇ ಮರುತುಂಬಿಸಿಕೊಳ್ಳುತ್ತೇನೆ. ಗುಂಡು ಹಾರಿಸುವ ರೇಂಜಿನಲ್ಲಿ ಸೇನಾ ಮಾದರಿಯ ಖಾಲಿ ಕೇಸುಗಳು (ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕವಚಗಳು) ಪುಕ್ಕಟೆಯಾಗಿ ಸಿಗುತ್ತವೆ, ಹೊಸ ಕೇಸುಗಳು ದುಬಾರಿ. ಯಾವ ಹಿತ್ತಾಳೆಯನ್ನು ಆರಿಸಿಕೊಳ್ಳಬೇಕು, ಅದನ್ನು ಎಷ್ಟು ಸಲ ಬಳಸಬಹುದು, ಅದರಿಂದ ಬೇರೆ ಅಳತೆಯ ಕೇಸು ಮಾಡಿಕೊಳ್ಳಬಹುದೇ?

ಉತ್ತರ: ಇಷ್ಟೇ ಸಲ ಎಂಬ ಲೆಕ್ಕವನ್ನು ಯಾರಾದರೂ ಕೊಟ್ಟರೆ ಅದನ್ನು ನಂಬಬೇಡಿ. ಒಂದೇ ಪೆಟ್ಟಿಗೆಯ ಕೇಸುಗಳು ಒಬ್ಬರ ಕೈಯಲ್ಲಿ ನಾಲ್ಕನೆಯ ಸಲಕ್ಕೇ ಸೀಳಿಬಿಡುತ್ತವೆ, ಇನ್ನೊಬ್ಬರ ಕೈಯಲ್ಲಿ ಹತ್ತು ಸಲ ದಾಟಿದರೂ ಗಟ್ಟಿಯಾಗಿರುತ್ತವೆ. ಕೇಸಿನ ಆಯುಸ್ಸನ್ನು ನಿರ್ಧರಿಸುವುದು ಅದರ ಬುಡದಲ್ಲಿ ಒತ್ತಿರುವ ಕಂಪನಿಯ ಹೆಸರಿಗಿಂತ ಹೆಚ್ಚಾಗಿ ಎರಡು ಸಂಗತಿಗಳು: ಅದು ಹಿಂದೆ ಯಾವ ಕೋವಿಯಲ್ಲಿ ಎಷ್ಟು ಸಲ ಹಾರಿದೆ ಎಂಬುದು, ಮತ್ತು ಪ್ರತಿಸಲ ಅಚ್ಚಿಗೆ ಹಾಕುವಾಗ ನೀವು ಅದನ್ನು ಅಗತ್ಯಕ್ಕಿಂತ ಎಷ್ಟು ಹೆಚ್ಚು ಹಿಂಡುತ್ತೀರಿ ಎಂಬುದು. ನನ್ನ ದೃಷ್ಟಿಯಲ್ಲಿ, ಪೂರ್ವಾಪರ ತಿಳಿದಿರುವ ಸಾಧಾರಣ ಹಿತ್ತಾಳೆಯು ಪೂರ್ವಾಪರ ತಿಳಿಯದ ಶ್ರೇಷ್ಠ ಹಿತ್ತಾಳೆಗಿಂತ ಮೇಲು.

ಊರಿನಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧವಾಗಿದ್ದು, ಆ ಕಾಯ್ದೆಯು ‘ಮದ್ದುಗುಂಡು’ ಎಂಬುದರಲ್ಲಿ ಅದರ ಬಿಡಿಭಾಗಗಳನ್ನೂ ತಯಾರಿಕೆಯ ಯಂತ್ರಗಳನ್ನೂ ಸೇರಿಸಿಕೊಂಡಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯು ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಮನೆಯಲ್ಲಿ ಕಾಡತೂಸು ತಯಾರಿಸುವುದಕ್ಕಲ್ಲ. ಆದ್ದರಿಂದ ಮುಂದಿನ ಮಾತುಗಳೆಲ್ಲ ಇದಕ್ಕೆ ಅನುಮತಿ ಇರುವ ದೇಶಗಳಲ್ಲಿ ನೆಲೆಸಿದವರಿಗೆ. ಇದರಲ್ಲಿ ಮದ್ದಿನ ಪ್ರಮಾಣದ ಚರ್ಚೆಯೂ ಇಲ್ಲ. ಅದಕ್ಕೆ ಮದ್ದಿನ ತಯಾರಕರು ಪ್ರಕಟಿಸುವ ಕೈಪಿಡಿಯೊಂದೇ ಆಧಾರವಾಗಿರಬೇಕು.

ಕೇಸಿಗೆ ಬಳಸುವ ಹಿತ್ತಾಳೆಯಲ್ಲಿ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಇರುತ್ತದೆ. ಸತುವಿನ ಪಾಲು ಇದಕ್ಕಿಂತ ಬಹಳ ಏರಿದರೆ ಲೋಹದೊಳಗೆ ಬೇರೊಂದು ಬಗೆಯ ಹರಳು ಕಾಣಿಸಿಕೊಂಡು, ತಣ್ಣಗಿರುವಾಗ ಎಳೆದರೆ ಬಿರಿಯುವ ಗುಣ ಬರುತ್ತದೆ; 70-30ರ ಹಿತ್ತಾಳೆಯಾದರೋ ಬಿಲ್ಲೆಯಿಂದ ಬಟ್ಟಲಾಗಿ, ಬಟ್ಟಲಿನಿಂದ ಕೊಳವೆಯಾಗಿ ಎಳೆಸಿಕೊಳ್ಳುತ್ತದೆ. ಪಾತ್ರೆ ಬಡಿಯುವ ಕಂಚುಗಾರರು ನಡುನಡುವೆ ತಗಡನ್ನು ಒಲೆಯಲ್ಲಿ ಕಾಯಿಸಿ ಮೆದುಮಾಡಿಕೊಳ್ಳುವಂತೆ ಕಾರ್ಖಾನೆಯಲ್ಲಿಯೂ ಪ್ರತಿ ಎಳೆತದ ನಡುವೆ ಕೊಳವೆಯನ್ನು ಕಾಯಿಸುತ್ತಾರೆ, ಏಕೆಂದರೆ ಹಿತ್ತಾಳೆ ಬಾಗಿದಷ್ಟೂ, ಹಿಗ್ಗಿದಷ್ಟೂ ಬಿರುಸಾಗುತ್ತ ಹೋಗುತ್ತದೆ. ಕೊನೆಯಲ್ಲಿ ಕೇಸಿನ ಬುಡವನ್ನು ಬೇಕೆಂದೇ ಗಡುಸಾಗಿ ಬಿಟ್ಟು, ಕತ್ತು (ಗುಂಡನ್ನು ಹಿಡಿಯುವ ಕಿರಿದಾದ ತುದಿ) ಮತ್ತು ಭುಜವನ್ನು (ಮೈ ಕತ್ತಿನತ್ತ ಕಿರಿದಾಗುವ ಇಳಿಜಾರು) ಮಾತ್ರ ಮತ್ತೊಮ್ಮೆ ಕಾಯಿಸಿ ಮೃದುಗೊಳಿಸುತ್ತಾರೆ. ಸೇನೆಯ ಕೇಸುಗಳ ಭುಜದ ಮೇಲೆ ಕಾಣುವ ನೀಲಿ-ಕಂದು ಛಾಯೆ ಆ ಕಾವಿನ ಗುರುತು. ಹಲವು ಖಾಸಗಿ ತಯಾರಕರು ಅದನ್ನು ಉಜ್ಜಿ ತೆಗೆದು ಹೊಳಪು ಕೊಟ್ಟಿರುತ್ತಾರೆ. ಆ ಛಾಯೆಯನ್ನು ಸುಟ್ಟ ಕಲೆಯೆಂದು ಭಾವಿಸಿ ಒಳ್ಳೆಯ ಕೇಸನ್ನು ಎಸೆಯುವವರೂ ಇದ್ದಾರೆ.

ಬುಡ ಗಡುಸು, ಕತ್ತು ಮೃದು ಎಂಬ ಈ ಏರ್ಪಾಡಿನ ಮೇಲೆಯೇ ಎಲ್ಲವೂ ನಿಂತಿದೆ. .308ರಲ್ಲಿ ಒತ್ತಡದ ಗರಿಷ್ಠ ಮಿತಿ ಚದರ ಇಂಚಿಗೆ 62,000 ಪೌಂಡು. ಆ ಕ್ಷಣದಲ್ಲಿ ತೆಳುವಾದ ಕತ್ತು ಮತ್ತು ಗೋಡೆ ಹಿಗ್ಗಿ ಚೇಂಬರಿಗೆ (ಕೋವಿಯಲ್ಲಿ ಕಾಡತೂಸು ಕೂರುವ ಜಾಗ) ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯಬೇಕು, ಒತ್ತಡ ಇಳಿದೊಡನೆ ತುಸು ಕುಗ್ಗಿ ಚೇಂಬರನ್ನು ಬಿಟ್ಟುಕೊಡಬೇಕು, ಬುಡವಾದರೋ ಹಿಗ್ಗಲೇಬಾರದು.

ಕತ್ತಿನ ಬಿರುಸುತನ ಎಂಥ ಅನಾಹುತ ಮಾಡಬಲ್ಲದು ಎಂಬುದಕ್ಕೆ ಹಳೆಯ ಉದಾಹರಣೆ ದೊರೆಯುವುದು ನಮ್ಮ ನೆಲದಲ್ಲೇ. ಬ್ರಿಟಿಷ್ ಭಾರತದಲ್ಲಿ ಮಳೆಗಾಲ ಬಂತೆಂದರೆ ಸೇನೆಯ ಚಟುವಟಿಕೆ ಕಡಿಮೆಯಾಗಿ, ಮದ್ದುಗುಂಡುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮಳೆ ನಿಂತ ಮೇಲೆ ತೆಗೆದು ನೋಡಿದರೆ, ಒಂದೂ ಗುಂಡು ಹಾರಿಸದಿದ್ದರೂ ಅನೇಕ ಕೇಸುಗಳು ಗುಂಡನ್ನು ಹಿಡಿದಿರುವ ಕತ್ತಿನ ಭಾಗದಲ್ಲಿ ಬಿರುಕು ಬಿಟ್ಟಿರುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಮತ್ತು ಎಳೆತದ ನಂತರ ಲೋಹದೊಳಗೆ ಉಳಿದ ಬಿಗಿತ, ಇವೆರಡೂ ಸೇರಿ ಹಿತ್ತಾಳೆಯನ್ನು ಸೀಳುತ್ತವೆ ಎಂದು ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಸಂಶೋಧಕರು ವಿವರಿಸಿದ್ದು 1921ರಲ್ಲಿ. ಇಂದಿಗೂ ಅಮೋನಿಯಾ ಬೆರೆತ ಲೋಹದ ಪಾಲಿಶ್‌ನಿಂದ ಕೇಸುಗಳನ್ನು ಉಜ್ಜಬಾರದು ಎನ್ನುವುದಕ್ಕೆ ಕಾರಣ ಇದೇ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡಿನ ಪುಡಿ, ಅಕ್ರೋಟಿನ ಚಿಪ್ಪಿನ ಪುಡಿ, ಅಥವಾ ಸ್ಟೀಲ್ ಸೂಜಿಗಳೊಂದಿಗೆ ಸಾಬೂನು ನೀರು ಸಾಕು. ಕೇಸು ಕನ್ನಡಿಯಂತೆ ಹೊಳೆಯಬೇಕಾಗಿಲ್ಲ, ಬಿರುಕು ಕಾಣುವಷ್ಟು ಶುಚಿಯಾಗಿದ್ದರಾಯಿತು.

ಇನ್ನು ರೇಂಜಿನಲ್ಲಿ ಹೆಕ್ಕಿದ ಕೇಸುಗಳ ವಿಚಾರ. ಮೊದಲು ಅಯಸ್ಕಾಂತ ಹಿಡಿದು ನೋಡಿ; ಅಂಟಿಕೊಂಡರೆ ಅದು ಮೇಲೆ ಬಣ್ಣ ಅಥವಾ ಲೇಪ ಇರುವ ಉಕ್ಕಿನ ಕೇಸು, ಮರುತುಂಬಿಸಲು ಬಾರದು. ಆಮೇಲೆ ಕೇಸಿನ ಬಾಯಿಯೊಳಗೆ ದೀಪ ಹಾಯಿಸಿ ತಳವನ್ನು ನೋಡಿ. ನಡುವೆ ಒಂದೇ ತೂತು ಇದ್ದರೆ ಬಾಕ್ಸರ್ ಮಾದರಿ, ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತುಗಳಿದ್ದರೆ ಬರ್ಡಾನ್ ಮಾದರಿ. ಬರ್ಡಾನ್ ಕೇಸಿನಲ್ಲಿ ಪ್ರೈಮರಿನ (ಬುಡದಲ್ಲಿ ಕೂರುವ, ಪಿನ್ನು ಬಡಿದಾಗ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಆನ್ವಿಲ್, ಅಂದರೆ ಆ ಬಡಿತಕ್ಕೆ ಒದಗುವ ಅಡಿಗಲ್ಲು, ಕೇಸಿನ ಭಾಗವೇ ಆಗಿರುವುದರಿಂದ ಸಾಮಾನ್ಯ ಡೈಯ (ಕೇಸನ್ನು ಹಿಂಡುವ ಅಚ್ಚು) ಸೂಜಿಯಿಂದ ಹಳೆಯ ಪ್ರೈಮರನ್ನು ಹೊರದೂಡಲಾಗದು, ಸೂಜಿ ಮುರಿಯುತ್ತದೆ. (ಬರ್ಡಾನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನ ಸೇನಾಧಿಕಾರಿ. ಅಮೆರಿಕ ಇಂಗ್ಲಿಷನ ವಿನ್ಯಾಸವನ್ನು ಒಪ್ಪಿಕೊಂಡಿತು, ಯುರೋಪಿನ ಬಹುಪಾಲು ಸೇನೆಗಳು ಅಮೆರಿಕನ್ನನದನ್ನು.) ಸೇನೆಯ 7.62 (7.62×51 ಮಿ.ಮೀ. ನೇಟೊ, .308ರ ಸೇನಾ ರೂಪ) ಕೇಸುಗಳಲ್ಲಿ ಪ್ರೈಮರಿನ ಸುತ್ತ ಲೋಹವನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಹಳೆಯ ಪ್ರೈಮರು ತೆಗೆದ ಮೇಲೆ ಆ ಅಂಚನ್ನು ಕೆತ್ತಿಯೋ ಒತ್ತಿಯೋ ಸಮಮಾಡದಿದ್ದರೆ ಹೊಸದು ನೆಟ್ಟಗೆ ಕೂರುವುದಿಲ್ಲ.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಕಣ್ಣಿಗೆ ಕಾಣದು. ಸೇನೆಯ 7.62 ಕೇಸು ಹೊರಗಿನಿಂದ .308ರಂತೆಯೇ ಇದ್ದರೂ ಅದರ ಗೋಡೆ ಸಾಮಾನ್ಯವಾಗಿ ದಪ್ಪ. ಕೆಲವು ಖಾಸಗಿ ಕೇಸುಗಳಿಗೆ ಹೋಲಿಸಿದರೆ ತೂಕದಲ್ಲಿ ಸುಮಾರು 20 ಗ್ರೇನ್‌ನಷ್ಟು (ಸುಮಾರು 1.3 ಗ್ರಾಂ) ಹೆಚ್ಚು ಬರುತ್ತದೆ. ಹೊರ ಅಳತೆ ಒಂದೇ ಆಗಿ ಲೋಹ ಹೆಚ್ಚಾದರೆ ಒಳಗಿನ ಜಾಗ ಕಡಿಮೆಯಾಯಿತೆಂದೇ ಅರ್ಥ, ಜಾಗ ಕಡಿಮೆಯಾದರೆ ಅದೇ ಪ್ರಮಾಣದ ಮದ್ದಿಗೆ ಒತ್ತಡ ಹೆಚ್ಚು. ಆದ್ದರಿಂದ ಬೇರೆ ಬೇರೆ ಮುದ್ರೆಯ ಕೇಸುಗಳನ್ನು ಒಂದೇ ಡಬ್ಬದಲ್ಲಿ ಬೆರೆಸಬಾರದು. ಕೇಸು ಬದಲಾದಾಗ ಕೈಪಿಡಿಯ ಆರಂಭದ ಪ್ರಮಾಣಕ್ಕೆ ಮರಳಿ ಅಲ್ಲಿಂದ ಏರಬೇಕು. ಜಾಗವನ್ನು ನಿಜವಾಗಿ ಅಳೆಯಬೇಕೆಂದರೆ ಹಾರಿಸಿದ ಕೇಸನ್ನು, ಹಳೆಯ ಪ್ರೈಮರನ್ನು ಹಾಗೆಯೇ ಬಿಟ್ಟು, ಖಾಲಿ ತೂಗಿ, ಬಾಯಿಯ ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿದರಾಯಿತು.

ಹೆಕ್ಕಿದ ಸೇನಾ ಕೇಸುಗಳಲ್ಲಿ ಒಂದಷ್ಟು ಮೆಷಿನ್‌ಗನ್ನುಗಳಲ್ಲಿ ಹಾರಿದವಾಗಿರಬಹುದು. ಅಂಥ ಚೇಂಬರುಗಳು ಸಡಿಲವಾಗಿರುವುದರಿಂದ ಕೇಸು ಮೊದಲ ಸಲವೇ ಬಹಳ ಹಿಗ್ಗಿರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಒಮ್ಮೆ ಹಾರಿದ್ದು, ಹಿತ್ತಾಳೆಯ ಲೆಕ್ಕದಲ್ಲಿ ಅರ್ಧ ಆಯುಸ್ಸು ಕಳೆದದ್ದು. ಪುಕ್ಕಟೆ ಎಂಬ ಆಸೆ ಬಿಟ್ಟು, ನೂರು ಹೊಸ ಕೇಸುಗಳನ್ನು ಒಂದೇ ಲಾಟಿನಿಂದ ಕೊಂಡು, ಅವನ್ನು ನಿಮ್ಮ ರೈಫಲ್ ಒಂದಕ್ಕೇ ಮೀಸಲಿಟ್ಟು, ಎಷ್ಟು ಸಲ ಹಾರಿದವೆಂದು ಡಬ್ಬದ ಮೇಲೆ ಬರೆಯುತ್ತ ಹೋಗುವುದೇ ಕೊನೆಗೆ ಅಗ್ಗವಾಗುತ್ತದೆ. ಫಿನ್ಲೆಂಡಿನ ಲಾಪುವಾ, ಸ್ವೀಡನ್ನಿನ ನಾರ್ಮಾ ಕೇಸುಗಳಲ್ಲಿ ಗೋಡೆಯ ದಪ್ಪ ಸಮವಾಗಿರುತ್ತದೆಂಬ ಹೆಸರಿದೆ, ಗುರಿ ಸ್ಪರ್ಧೆಗೆ ಅವು ಒಪ್ಪುತ್ತವೆ. ಬೇಟೆಗೆ ಮಾತ್ರವಾದರೆ ಸಾಮಾನ್ಯ ಕಂಪನಿಯ ಕೇಸುಗಳೇ ಸಾಕು.

ಒಳ್ಳೆಯ ಕೇಸನ್ನು ಬೇಗ ಕೆಡಿಸುವುದು ಹೆಚ್ಚಿನ ಸಲ ಡೈಯನ್ನು ಕೂರಿಸುವ ರೀತಿ. ಡೈ ಶೆಲ್ ಹೋಲ್ಡರಿಗೆ (ಕೇಸಿನ ಬುಡವನ್ನು ಹಿಡಿಯುವ ಬಿಲ್ಲೆ) ತಾಗುವವರೆಗೆ ತಿರುಗಿಸಿ, ಮೇಲೆ ಇನ್ನೊಂದಿಷ್ಟು ತಿರುಗಿಸಿ ಎಂಬ ಸೂಚನೆಯನ್ನು ಯಾಂತ್ರಿಕವಾಗಿ ಪಾಲಿಸಿದರೆ ಅನೇಕ ರೈಫಲ್‌ಗಳಲ್ಲಿ ಕೇಸಿನ ಭುಜ ಬೇಕಾದದ್ದಕ್ಕಿಂತ ಹಿಂದೆ ಸರಿಯುತ್ತದೆ. ಆಗ ಕೇಸು ಚೇಂಬರಿನಲ್ಲಿ ಹಿಂದೆ ಮುಂದೆ ಅಲುಗಾಡುವಷ್ಟು ಗಿಡ್ಡವಾಗಿರುತ್ತದೆ. ಪಿನ್ನು ಬಡಿದಾಗ ಕೇಸು ಮುಂದಕ್ಕೆ ಸರಿದು ಭುಜ ತಾಗಿ ನಿಲ್ಲುತ್ತದೆ, ಒತ್ತಡ ಏರಿದಾಗ ತೆಳು ಗೋಡೆ ಅಲ್ಲಿಯೇ ಚೇಂಬರನ್ನು ಕಚ್ಚಿಕೊಳ್ಳುತ್ತದೆ, ದಪ್ಪ ಬುಡ ಮಾತ್ರ ಬೋಲ್ಟು (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಸಿಗುವವರೆಗೆ ಹಿಂದಕ್ಕೆ ಚಲಿಸುತ್ತದೆ. ಆ ಅಂತರವನ್ನು ತುಂಬಲು ಬುಡದ ಸ್ವಲ್ಪ ಮೇಲಿನ ಗೋಡೆ ಹಿಗ್ಗಲೇಬೇಕಾಗುತ್ತದೆ. ಪ್ರತಿಸಲ ಹೀಗಾದರೆ ಅಲ್ಲಿ ಲೋಹ ಸವೆದು, ಒಂದು ದಿನ ಬುಡ ಬೇರೆ, ಮೈ ಬೇರೆಯಾಗುತ್ತದೆ, ಬಿಸಿ ಅನಿಲ ಹಾರಿಸುವವರ ಮುಖದ ಕಡೆಗೆ ನುಗ್ಗುತ್ತದೆ.

ಇದನ್ನು ತಡೆಯಲು ಹಾರಿಸಿದ ಕೇಸಿನ ಭುಜದ ಎತ್ತರವನ್ನು ಕಂಪ್ಯಾರೇಟರ್ (ಭುಜದವರೆಗೆ ಅಳೆಯಲು ಸಿಕ್ಕಿಸುವ ತುಂಡು) ಜೋಡಿಸಿದ ಕ್ಯಾಲಿಪರಿನಿಂದ ಅಳೆದುಕೊಂಡು, ಬೋಲ್ಟ್ ರೈಫಲಿಗಾದರೆ ಭುಜ 0.001ರಿಂದ 0.002 ಇಂಚು ಮಾತ್ರ ಹಿಂದೆ ಸರಿಯುವಂತೆ ಡೈಯನ್ನು ಹೊಂದಿಸಬೇಕು. ತಾನಾಗಿ ತುಂಬಿಕೊಳ್ಳುವ ರೈಫಲಿಗೆ ಇನ್ನು ತುಸು ಹೆಚ್ಚು ಬೇಕು. ಗೋಡೆ ಸವೆಯುತ್ತಿದೆಯೇ ಎಂದು ತಿಳಿಯಲು ಒಂದು ಪೇಪರ್ ಕ್ಲಿಪ್ಪನ್ನು ನೇರಮಾಡಿ, ತುದಿಯನ್ನು ಚೂಪಾಗಿ ಅರೆದು ಪುಟ್ಟ ಕೊಕ್ಕೆಯಂತೆ ಬಾಗಿಸಿ, ಕೇಸಿನೊಳಗೆ ತಳದವರೆಗೆ ಇಳಿಸಿ ಗೋಡೆಗೆ ಒತ್ತಿ ನಿಧಾನವಾಗಿ ಮೇಲಕ್ಕೆಳೆಯಿರಿ. ನುಣ್ಣಗೆ ಜಾರಿ ಬಂದರೆ ಸರಿ. ತಳದಿಂದ ಸ್ವಲ್ಪ ಮೇಲೆ ಕೊಕ್ಕೆ ಒಂದು ಹಳ್ಳಕ್ಕೆ ಬಿದ್ದು ತಡೆದಂತಾದರೆ ಆ ಕೇಸು ಮುಗಿಯಿತು. ಹೊರಗೆ ಅದೇ ಜಾಗದಲ್ಲಿ ಕಾಣುವ ಹೊಳೆಯುವ ಉಂಗುರವೂ ಸಂಶಯಕ್ಕೆ ಕಾರಣ, ಆದರೆ ಡೈ ಉಜ್ಜಿದ ಗುರುತೂ ಹಾಗೆಯೇ ಕಾಣುವುದರಿಂದ ಕೊಕ್ಕೆಯ ಮಾತೇ ಅಂತಿಮ.

ಹಿಗ್ಗಿದ ಲೋಹದ ಒಂದು ಪಾಲು ಕತ್ತಿನ ಕಡೆಗೂ ಹರಿದು ಕೇಸು ಉದ್ದವಾಗುತ್ತದೆ. .308ಕ್ಕೆ ಗರಿಷ್ಠ ಉದ್ದ 2.015 ಇಂಚು, ಕತ್ತರಿಸಬೇಕಾದ ಉದ್ದ 2.005 ಇಂಚು. ಮಿತಿ ಮೀರಿದ ಕೇಸಿನ ಬಾಯಿ ಚೇಂಬರಿನ ಮುಂತುದಿಗೆ ಒತ್ತಿ ಗುಂಡನ್ನು ಚಿವುಟಿ ಹಿಡಿಯುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಅಳತೆ ನೋಡಬೇಕಾದದ್ದು ಡೈಗೆ ಹಾಕಿದ ಮೇಲೆ, ಮೊದಲಲ್ಲ.

ಕತ್ತು ಬಿರುಸಾದಾಗ ಕಾಯಿಸಿ ಮೃದುಗೊಳಿಸಬಹುದು. ಕೆಲವೇ ಸೆಕೆಂಡುಗಳ ಕಾವಿಗೆ ಕತ್ತು ಸುಮಾರು 400 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು; ಬುಡಕ್ಕೆ 250 ಡಿಗ್ರಿಯ ಬಿಸಿಯೂ ತಾಗಬಾರದು. ಕಾವು ಬುಡಕ್ಕೆ ಇಳಿದರೆ ಅದು ಮೆತ್ತಗಾಗಿ, ಮುಂದಿನ ಹೊಡೆತದಲ್ಲಿ ರೈಫಲ್ಲೇ ಹಾಳಾಗಬಹುದು, ಮತ್ತು ಮೆತ್ತಗಾದ ಬುಡವನ್ನು ಮತ್ತೆ ಗಡುಸು ಮಾಡುವ ಉಪಾಯ ನಮ್ಮ ನಿಮ್ಮ ಮೇಜಿನ ಮೇಲಿಲ್ಲ. ನೀರಿಗೆ ಹಾಕಿದರೆ ಹಿತ್ತಾಳೆ ಉಕ್ಕಿನಂತೆ ಗಡುಸಾಗುವುದಿಲ್ಲ. ನೀರು ಕಾವು ಕೆಳಗಿಳಿಯದಂತೆ ತಡೆಯುತ್ತದೆ, ಅಷ್ಟೆ. ಕಾವನ್ನು ಅಂದಾಜಿನಲ್ಲಿ ನೋಡದೆ, ನಿಗದಿತ ಉಷ್ಣತೆಯಲ್ಲಿ ಕರಗುವ ಬಣ್ಣವನ್ನು ಕತ್ತಿನೊಳಗೂ ಭುಜದ ಕೆಳಗೂ ಹಚ್ಚಿ ಪರೀಕ್ಷಿಸಿಕೊಳ್ಳಿ. ಪ್ರೈಮರಿನ ಗುಳಿ ಸಡಿಲವಾದ ಕೇಸಿಗೆ ಮಾತ್ರ ಯಾವ ಚಿಕಿತ್ಸೆಯೂ ಇಲ್ಲ, ಅದು ಬುಡ ಹಿಗ್ಗಿದ ಲಕ್ಷಣ.

ಬೇರೆ ಅಳತೆಗೆ ರೂಪಿಸುವ ವಿಚಾರಕ್ಕೆ ಬಂದರೆ, .308ರಿಂದ .243 ವಿಂಚೆಸ್ಟರ್ ಮಾಡಿಕೊಳ್ಳುವುದು ಸಾಧ್ಯ, ಏಕೆಂದರೆ .243 ಹುಟ್ಟಿದ್ದೇ .308ರ ಕತ್ತನ್ನು ಕಿರಿದಾಗಿಸಿ. ಆದರೆ ಕಿರಿದಾದ ಕತ್ತಿನ ಲೋಹ ಎಲ್ಲಿಗೂ ಹೋಗದೆ ಗೋಡೆಯನ್ನು ದಪ್ಪ ಮಾಡುತ್ತದೆ ಎಂಬುದನ್ನು ಮರೆಯಬಾರದು. ತುಂಬಿದ .243 ಕಾಡತೂಸಿನ ಕತ್ತಿನ ಹೊರವ್ಯಾಸ 0.276 ಇಂಚನ್ನು ಮೀರಬಾರದು, ಗುಂಡಿನ ವ್ಯಾಸ 0.243, ಅಂದರೆ ಒಂದೊಂದು ಬದಿಯ ಗೋಡೆಗೆ 0.0165 ಇಂಚಿಗಿಂತ ಹೆಚ್ಚು ಜಾಗವಿಲ್ಲ. ದಪ್ಪ ಗೋಡೆಯ ಸೇನಾ ಕೇಸಿನಿಂದ ಮಾಡಿದ್ದು ಈ ಮಿತಿಯನ್ನು ಸುಲಭವಾಗಿ ದಾಟಬಲ್ಲದು, ಆಗ ಕತ್ತು ಹಿಗ್ಗಿ ಗುಂಡನ್ನು ಬಿಟ್ಟುಕೊಡಲು ಚೇಂಬರಿನಲ್ಲಿ ಎಡೆಯಿರುವುದಿಲ್ಲ. ಮೊದಲ ಕೆಲವು ಕೇಸುಗಳಿಗೆ ಮದ್ದು, ಪ್ರೈಮರು ಇಲ್ಲದೆ ಗುಂಡು ಮಾತ್ರ ಕೂರಿಸಿ ಕತ್ತನ್ನು ಅಳೆದು, ದಪ್ಪವಿದ್ದರೆ ಹೊರಗಿನಿಂದ ಕತ್ತನ್ನು ಕಡೆಯುವ ಉಪಕರಣದಿಂದ ತೆಳುಮಾಡಬೇಕು. .223 ಕೇಸನ್ನು ಗಿಡ್ಡಮಾಡಿ .300 ಬ್ಲ್ಯಾಕ್‌ಔಟ್ ತಯಾರಿಸುವಲ್ಲಿಯೂ ಇದೇ ತೊಡಕು: ಅಲ್ಲಿ ಹಳೆಯ ಕೇಸಿನ ಮೈಗೋಡೆಯೇ ಹೊಸ ಕತ್ತಾಗುವುದರಿಂದ ಕೆಲವು ಮುದ್ರೆಯ ಕೇಸುಗಳು ಒಪ್ಪುತ್ತವೆ, ಕೆಲವು ಒಪ್ಪುವುದೇ ಇಲ್ಲ.

ರೂಪ ಬದಲಾದರೂ ಬುಡದ ಮುದ್ರೆ ಹಳೆಯದೇ ಉಳಿಯುತ್ತದೆ. .300 ಬ್ಲ್ಯಾಕ್‌ಔಟ್ ಕಾಡತೂಸು .223 ರೈಫಲಿನ ಮ್ಯಾಗಜೀನಿನಲ್ಲಿ ಸರಾಗವಾಗಿ ಕೂರುತ್ತದೆ, ಕೆಲವೊಮ್ಮೆ ಬೋಲ್ಟೂ ಮುಚ್ಚಿಕೊಳ್ಳುತ್ತದೆ. ಹಾಗೆ ಹಾರಿಸಿ ರೈಫಲ್‌ಗಳು ಸಿಡಿದದ್ದುಂಟು. ಆದ್ದರಿಂದ ರೂಪಿಸಿದ ಪ್ರತಿ ಕೇಸಿನ ಬುಡಕ್ಕೆ ಅಳಿಸದ ಬಣ್ಣದ ಗುರುತು ಹಾಕಿ, ಬೇರೆ ಡಬ್ಬದಲ್ಲಿ ಹೊಸ ಹೆಸರು ಬರೆದಿಡಿ, ಎರಡು ಅಳತೆಯ ಕಾಡತೂಸುಗಳನ್ನು ಒಂದೇ ದಿನ ರೇಂಜಿಗೆ ಒಯ್ಯಬೇಡಿ. ತಿರಸ್ಕರಿಸಿದ ಕೇಸನ್ನು ಗುಜರಿ ಡಬ್ಬಕ್ಕೆ ಹಾಕುವ ಮುನ್ನ ಇಕ್ಕಳದಿಂದ ಅದರ ಕತ್ತನ್ನು ಚಪ್ಪಟೆ ಮಾಡಿಬಿಡಿ. ಇಲ್ಲವಾದರೆ ನಿಮ್ಮಂತೆಯೇ ಪುಕ್ಕಟೆ ಹಿತ್ತಾಳೆ ಹುಡುಕುವ ಇನ್ನೊಬ್ಬರು ಅದನ್ನು ಹೆಕ್ಕಿಕೊಳ್ಳುತ್ತಾರೆ.