ಮಂಚದ ಕೆಳಗಿನ ಮೋಟರ್

ಮನೆಯಲ್ಲಿರೋ ಮಂಚದ ಕೆಳಗೆ ಒಮ್ಮೆ ಬಗ್ಗಿ ನೋಡಿ. ನೆಲದಿಂದ ಹಲಗೆಗೆ ಒಂದೂವರೆ ಅಡಿ ಇದ್ದೀತು. ಅಲ್ಲಿಗೆ ಉರುಳಿದ ಚೆಂಡು ತೆಗೆಯುವುದಕ್ಕೇ ನಮಗೆ ಸಾಕುಸಾಕಾಗುತ್ತದೆ. ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ ಕೆಲವು ಕಲ್ಲಿದ್ದಲು ಪದರಗಳ ಎತ್ತರ ಇಷ್ಟೇ ಇತ್ತು. ಅದರೊಳಗೆ ಗಣಿ ಕೆಲಸಗಾರ ಒಂದು ಮಗ್ಗುಲಿಗೆ ಮಲಗಿ, ಪಿಕಾಸಿ ಬೀಸುತ್ತಾ ಇಡೀ ಪಾಳಿ ಕಳೆಯುತ್ತಿದ್ದ.

ಅವನು ಕಲ್ಲಿದ್ದಲನ್ನು ಎದುರಿನಿಂದ ಒಡೆಯುತ್ತಿರಲಿಲ್ಲ. ಪದರದ ಬುಡದಲ್ಲಿ, ನೆಲಕ್ಕೆ ತಾಗಿದ ಹಾಗೆ, ಮೂರು ನಾಲ್ಕು ಅಡಿ ಆಳದ ಸೀಳು ಕೊರೆಯುತ್ತಿದ್ದ. ಬುಡ ಖಾಲಿಯಾದರೆ ಮೇಲಿನ ಕಲ್ಲಿದ್ದಲಿಗೆ ಕೆಳಗೆ ಆಸರೆ ಇರುವುದಿಲ್ಲ. ಆಮೇಲೆ ಸ್ವಲ್ಪ ಮದ್ದು ಇಟ್ಟು ಸಿಡಿಸಿದರೂ ಸಾಕು, ದೊಡ್ಡ ದೊಡ್ಡ ಹೆಂಟೆಗಳಾಗಿ ಕಳಚಿ ಬೀಳುತ್ತದೆ. ಸೀಳಿಲ್ಲದೆ ಸಿಡಿಸಿದರೆ ಮದ್ದೂ ಜಾಸ್ತಿ ಬೇಕು, ಅರ್ಧ ಮಾಲು ಪುಡಿಯಾಗುತ್ತದೆ. ಆ ಕಾಲದಲ್ಲಿ ಪುಡಿಗೆ ಬೆಲೆ ಕಡಿಮೆ, ಹೆಂಟೆಗೆ ಜಾಸ್ತಿ. ಆದರೆ ಕೈಯಲ್ಲಿ ಸೀಳು ಕೊರೆಯುವವನಿಗೆ ತನ್ನ ಭುಜ, ತೋಳು ಒಳಗೆ ಹೋಗಬೇಕಲ್ಲ? ಹಾಗಾಗಿ ಸೀಳಿನ ಬಾಯನ್ನು ಅಗಲ ಮಾಡಲೇಬೇಕಿತ್ತು. ಅಷ್ಟೂ ಕಲ್ಲಿದ್ದಲು ಪುಡಿ. ಅವನು ಮಲಗಿದ್ದ ಹಾಗೇ ಮೇಲಿನದು ಕುಸಿಯದಿರಲಿ ಎಂದು ಅಲ್ಲಲ್ಲಿ ಮರದ ತುಂಡುಗಳ ಆನಿಕೆ. ಅಷ್ಟು ಮಾತ್ರ ರಕ್ಷಣೆ.

ಈ ಸೀಳು ಹೊಡೆಯುವುದಕ್ಕೆ ಯಂತ್ರ ಬೇಕು ಅನ್ನುವುದು ಹಳೆಯ ಆಸೆ. 1761ರಲ್ಲೇ ಮೈಕೆಲ್ ಮೆನ್ಜೀಸ್ ಎಂಬಾತ ಕುದುರೆ ಬಲದಿಂದ ಕಬ್ಬಿಣದ ಪಿಕಾಸಿ ಬೀಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಅದರಿಂದ ಕೆಲಸ ಸಾಗಲಿಲ್ಲ. ಉಗಿಯನ್ನು ಒಳಗೆ ತರುವ ಹಾಗಿಲ್ಲ, ಬೆಂಕಿ, ಹೊಗೆ, ಸೆಕೆ. 1860ರ ದಶಕದಲ್ಲಿ ಒತ್ತಿದ ಗಾಳಿಯ ಯಂತ್ರಗಳು ಬಂದವು. ಮೇಲೆ ಕಂಪ್ರೆಸರ್, ಕೆಳಗಿನವರೆಗೆ ಪೈಪು. ಗಾಳಿಗೆ ಕಿಡಿಯ ಭಯವಿಲ್ಲ, ಹೊರಬಿಟ್ಟ ಗಾಳಿ ತಂಪು ಬೇರೆ. ಆದರೆ ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಗಾಳಿ ಒತ್ತಿದರೆ ಪಂಪು ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ಪೈಪಿನ ದಾರಿಯಲ್ಲಿ ಆರಿಹೋಗುತ್ತದೆ, ಕೀಲುಗಳಲ್ಲಿ ಸೋರಿಕೆ ಬೇರೆ. ಬಾಯ್ಲರಿಗೆ ಹಾಕಿದ ಕಲ್ಲಿದ್ದಲಿನ ಬಹುಪಾಲು ದಂಡ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕರೆಂಟು ಬಂತು. ಅಮೆರಿಕದ ಒಹಾಯೋದಲ್ಲಿ ಜೆಫ್ರಿ ಕಂಪನಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಮೇವರ್ ಅಂಡ್ ಕೋಲ್ಸನ್, ಮದರ್‌ವೆಲ್‌ನಲ್ಲಿ ಆಂಡರ್ಸನ್ ಬಾಯ್ಸ್ ಈ ಯಂತ್ರಗಳಿಗೆ ಹೆಸರಾದವು. ಯಂತ್ರದ ಕಲ್ಪನೆ ಸುಲಭ. ನೆಲಕ್ಕೆ ಅಂಟಿದ ಹಾಗೆ ತಗ್ಗಾದ, ಉದ್ದನೆಯ ಕಬ್ಬಿಣದ ಪೆಟ್ಟಿಗೆ. ಅದರ ಒಂದು ತುದಿಯಿಂದ ಪಕ್ಕಕ್ಕೆ, ಕಲ್ಲಿದ್ದಲಿನ ಬುಡಕ್ಕೆ ಚಾಚಿದ ಚಪ್ಪಟೆ ತೋಳು. ತೋಳಿನ ಸುತ್ತ ಸರಪಳಿ, ಸರಪಳಿಯ ತುಂಬ ಹಲ್ಲು. ಮರ ಕೊಯ್ಯುವ ಚೈನ್ ಗರಗಸವನ್ನು ಮಲಗಿಸಿದ ಹಾಗೆ. ಮುಂದೆ ಒಂದು ಕಂಬಕ್ಕೆ ಹಗ್ಗ ಬಿಗಿದು, ಯಂತ್ರ ಆ ಹಗ್ಗವನ್ನು ತಾನೇ ಸುತ್ತಿಕೊಳ್ಳುತ್ತಾ ಅಂಗುಲ ಅಂಗುಲವಾಗಿ ತೆವಳುತ್ತದೆ. ಹಿಂದೆ ಐದಾರು ಅಂಗುಲ ದಪ್ಪದ ನೇರ ಸೀಳು ಉಳಿಯುತ್ತದೆ.

ತೊಂದರೆ ಇದ್ದದ್ದು ಹಲ್ಲಿನಲ್ಲಲ್ಲ, ಮೋಟರನ್ನು ಎಲ್ಲಿ ಇಡುವುದು ಅನ್ನುವುದರಲ್ಲಿ.

ಇದು ನಮ್ಮ ರೈತರಿಗೆ ಬೇರೆ ಯಾರಿಗಿಂತ ಬೇಗ ಅರ್ಥವಾಗುತ್ತದೆ. ಬೋರ್‌ವೆಲ್ ಒಳಗಿನ ಮೋಟರ್ ನೋಡಿದ್ದೀರಲ್ವಾ? ಬಾವಿ ದಂಡೆಯ ಮೇಲೆ ಕೂರುವ ಮೋಟರ್ ಗುಂಡಗೆ, ಕುಳ್ಳಗೆ. ಬೋರಿನದ್ದು ಕೊಳವೆಯ ಹಾಗೆ ಉದ್ದ. ಆರೂವರೆ ಅಂಗುಲದ ತೂತಿನಲ್ಲಿ ಅಗಲಕ್ಕೆ ಜಾಗವಿಲ್ಲ, ಉದ್ದಕ್ಕೆ ಎಷ್ಟು ಬೇಕಾದರೂ ಇದೆ. ಮೋಟರಿನ ತಿರುಗುವ ಬಲ ಸುಮಾರಾಗಿ ಅದರ ಅಗಲದ ವರ್ಗಕ್ಕೂ ಉದ್ದಕ್ಕೂ ತಕ್ಕ ಹಾಗೆ ಇರುತ್ತದೆ. ಅಂದರೆ ಅಗಲ ಅರ್ಧ ಮಾಡಿದರೆ, ಅಷ್ಟೇ ಬಲಕ್ಕೆ ನಾಲ್ಕು ಪಟ್ಟು ಉದ್ದ ಬೇಕು. ಒಂದೂವರೆ ಅಡಿಯ ಗಣಿಗೆ ಹೋಗಬೇಕಾದ ಯಂತ್ರವೂ ಹೀಗೇ ಉದ್ದವಾಯಿತು. ಮಂಚದ ಕೆಳಗೆ ತಳ್ಳಿದ ಶವಪೆಟ್ಟಿಗೆಯ ಹಾಗೆ ಕಾಣುತ್ತಿತ್ತು ಅಂದರೆ ತಪ್ಪಾಗದು.

ಬೋರ್ ಮೋಟರಿಗೆ ಒಂದು ಪುಣ್ಯವಿದೆ. ಸುತ್ತ ನೀರು ಹರಿದು ಅದನ್ನು ತಣ್ಣಗಿಡುತ್ತದೆ. ಗಣಿಯ ಮೋಟರಿಗೆ ಬಹಳ ಕಾಲ ಆ ಭಾಗ್ಯವಿರಲಿಲ್ಲ. ಫ್ಯಾನ್ ಇಟ್ಟು ಹೊರಗಿನ ಗಾಳಿಯನ್ನು ವೈಂಡಿಂಗ್ ಮೇಲೆ ಹಾಯಿಸೋಣ ಎಂದರೆ ಗಾಳಿಯ ಜೊತೆ ಗಣಿಯ ಉರಿಯುವ ಗ್ಯಾಸೂ ಧೂಳೂ ಒಳಗೆ. ಹಾಗಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಕುದಿಯುತ್ತಾ ದುಡಿಯಬೇಕು. ಪೆಟ್ಟಿಗೆಯ ಗೋಡೆಯಲ್ಲಿ ನೀರು ಹರಿಸುವ ಉಪಾಯ ಆಮೇಲಿನದು.

ಎರಡನೇ ಕಾಟವೂ ನಮಗೆ ಗೊತ್ತಿದ್ದದ್ದೇ, ಲೋ ವೋಲ್ಟೇಜ್. ಸ್ಟಾರ್ಟ್ ಆಗುವಾಗ ಇಂಥ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕರೆಂಟು ಬರುವುದು ಉದ್ದನೆಯ ಕೇಬಲ್ಲಿನಲ್ಲಿ. ಕೇಬಲ್ ಉದ್ದವಾದಷ್ಟೂ ದಾರಿಯಲ್ಲಿ ವೋಲ್ಟೇಜ್ ಇಳಿಯುತ್ತದೆ. ಮೋಟರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ. ವೋಲ್ಟೇಜ್ ಶೇ. 20 ಇಳಿದರೆ ಉಳಿಯುವ ಬಲ ಶೇ. 64 ಮಾತ್ರ. ಸರಪಳಿ ಗಟ್ಟಿ ಕಲ್ಲಿದ್ದಲಿನಲ್ಲಿ ಕಚ್ಚಿಕೊಂಡಿರುವಾಗಲೇ ಹೀಗಾದರೆ ಮೋಟರ್ ಗುಂಯ್‌ಗುಟ್ಟುತ್ತಾ ನಿಂತಲ್ಲೇ ಸುಡುತ್ತದೆ. ಬೇಸಿಗೆಯ ಸಂಜೆ ಪಂಪ್‌ಸೆಟ್ಟಿನ ಸದ್ದು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪರಿಹಾರ ವೋಲ್ಟೇಜ್ ಏರಿಸುವುದು. ಅಷ್ಟೇ ಶಕ್ತಿಗೆ ಆಗ ಕರೆಂಟು ಕಡಿಮೆ ಸಾಕು, ಇಳಿಕೆಯೂ ಕಡಿಮೆ. ಬ್ರಿಟನ್ನಿನ ಗಣಿಗಳಲ್ಲಿ 550 ವೋಲ್ಟ್ ಇದ್ದದ್ದು 1100ಕ್ಕೆ, ಮುಂದೆ 3300ಕ್ಕೆ ಹೋಯಿತು. ಮಲಗಿದವನ ಪಕ್ಕದಲ್ಲೇ!

ಇಲ್ಲಿ ನಮ್ಮ ಕೋಲಾರದ ನೆನಪಾಗುತ್ತದೆ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಕೆಜಿಎಫ್‌ಗೆ ಕರೆಂಟು ಕೊಟ್ಟಿದ್ದರು. ಹಾಗಾದರೆ ಅಲ್ಲಿ ಯಾಕೆ ಇಂಥ ಕತ್ತರಿಸುವ ಯಂತ್ರ ಬರಲಿಲ್ಲ? ಬಂಡೆ ಬಿಡಲಿಲ್ಲ. ಕಲ್ಲಿದ್ದಲು ಹಲ್ಲಿಗೆ ಮಣಿಯುವಷ್ಟು ಮೆದು. ಚಿನ್ನ ಹುದುಗಿದ ಬೆಣಚುಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ಗಟ್ಟಿ. ಅದಕ್ಕೆ ಗಾಳಿಯ ಡ್ರಿಲ್ಲಿನಿಂದ ತೂತು ಕೊರೆದು ಮದ್ದು ಇಡುವುದೇ ದಾರಿ.

ಸರಿ, ಮತ್ತೆ ಕಲ್ಲಿದ್ದಲಿಗೆ. ಅಲ್ಲಿನ ನಿಜವಾದ ಶತ್ರು ಮೀಥೇನ್. ಬಣ್ಣವಿಲ್ಲ, ವಾಸನೆಯಿಲ್ಲ. ಕಲ್ಲಿದ್ದಲು ಕತ್ತರಿಸಿದಷ್ಟೂ ಒಳಗಿನಿಂದ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿ ಸಾಕು. ಕಿಡಿಯೂ ದೊಡ್ಡದಾಗಬೇಕಿಲ್ಲ, ಶಕ್ತಿಯ ಅಳತೆಯಾದ ಜೂಲಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟ್ ಅನ್ನುತ್ತದಲ್ಲ, ಅಂಥದ್ದೇ ಸಾಕು. ಇನ್ನು ಮೋಟರ್ ಮತ್ತು ಅದರ ಸ್ವಿಚ್ ಕಿಡಿ ಹಾರಿಸುವುದರಲ್ಲಿ ಎತ್ತಿದ ಕೈ.

ಮೊದಲು ಹೊಳೆಯುವ ಉಪಾಯ ಏನು? ಗ್ಯಾಸ್ ಒಳಗೆ ಹೋಗದ ಹಾಗೆ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚುವುದು. ಇದು ಕೆಲಸ ಮಾಡುವುದಿಲ್ಲ. ಮೋಟರ್ ಓಡಿದಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ನುಸುಳುತ್ತದೆ. ನಿಲ್ಲಿಸಿದಾಗ ತಣ್ಣಗಾಗಿ ಹೊರಗಿನದನ್ನು ಒಳಗೆಳೆಯುತ್ತದೆ. ಪೆಟ್ಟಿಗೆ ಉಸಿರಾಡುತ್ತದೆ ಅನ್ನಿ. ಪ್ರತಿ ಉಸಿರಿಗೂ ಚೂರು ಮೀಥೇನ್. ಎಷ್ಟು ಬಿಗಿದರೂ ಶಾಫ್ಟ್ ತಿರುಗುವ ಕಡೆ ಸಂದು ಇದ್ದೇ ಇರುತ್ತದೆ.

ಎಂಜಿನಿಯರ್‌ಗಳು ಇದನ್ನು ತಿರುವಿ ಹಾಕಿದರು. ಗ್ಯಾಸ್ ಒಳಗೆ ಬರಲಿ. ಬೆಂಕಿ ಹತ್ತಲಿ. ಒಳಗೇ ಸ್ಫೋಟವಾಗಲಿ! ಆದರೆ ಪೆಟ್ಟಿಗೆ ಒಡೆಯಬಾರದು, ಬೆಂಕಿ ಹೊರಗೆ ಬರಬಾರದು. ಅದಕ್ಕೇ ದಪ್ಪನೆಯ ಉಕ್ಕಿನ ಗೋಡೆ. ಮೀಥೇನ್ ಸಿಡಿದಾಗ ಒಳಗಿನ ಒತ್ತಡ ಮಾಮೂಲು ಗಾಳಿಯ ಒತ್ತಡದ ಏಳೆಂಟು ಪಟ್ಟಾಗುತ್ತದೆ, ಅದನ್ನು ತಡೆದುಕೊಳ್ಳಬೇಕು. ಆ ಒತ್ತಡ ಹೊರಗೆ ಹೋಗಲು ದಾರಿಯೂ ಬೇಕು. ಮುಚ್ಚಳ ಕೂರುವ ಕಡೆ, ಒಂದು ಅಂಗುಲ ಅಗಲದ ಎರಡು ನುಣುಪಾದ ಕಬ್ಬಿಣದ ಅಂಚುಗಳ ನಡುವೆ ಕೂದಲೆಳೆಯಂಥ ಸಂದು. ಉರಿಯುವ ಗ್ಯಾಸ್ ಆ ಸಂದಿನಲ್ಲಿ ನುಗ್ಗಿ ಬರುವಾಗ ಎರಡೂ ಕಡೆಯ ತಣ್ಣನೆಯ ಕಬ್ಬಿಣ ಅದರ ಬಿಸಿಯನ್ನು ಹೀರುತ್ತದೆ. ಹೊರಗೆ ಬರುವ ಹೊತ್ತಿಗೆ ಅದು ಸುತ್ತಲಿನ ಮೀಥೇನ್ ಹೊತ್ತಿಸಲಾರದಷ್ಟು ತಣ್ಣಗಾಗಿರುತ್ತದೆ. 1815ರಲ್ಲಿ ಹಂಫ್ರಿ ಡೇವಿ ದೀಪದ ಸುತ್ತ ತಂತಿ ಬಲೆ ಸುತ್ತಿದ್ದೂ ಇದೇ ತತ್ವದ ಮೇಲೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಕಾರ್ಲ್ ಬೈಲಿಂಗ್ ಪೆಟ್ಟಿಗೆಗಳೊಳಗೆ ಬೇಕಂತಲೇ ಗ್ಯಾಸ್ ತುಂಬಿ ಸಿಡಿಸಿ, ಯಾವುದು ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಪರೀಕ್ಷಿಸಿದರು. ಪ್ರಯೋಗಶಾಲೆಯಲ್ಲಿ ಮೀಥೇನಿಗೆ ಈ ಸಂದಿನ ಮಿತಿ 1.14 ಮಿಲಿಮೀಟರ್. ಗಣಿಯಲ್ಲಿ ಒಂದಂಗುಲದ ಅಂಚಿಗೆ ಬಿಡುವುದು ಅದರ ಅರ್ಧಕ್ಕಿಂತ ಕಡಿಮೆ, 0.5 ಮಿಲಿಮೀಟರ್.

ಈ ಸಾಧನಗಳ ಪೈಕಿ ನನಗೆ ತುಂಬ ಮೆಚ್ಚುಗೆಯಾಗುವುದು ಇದೇ. ಕತ್ತರಿಸುವ ತೋಳು ಜೋರು ಸದ್ದು ಮಾಡುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಜನರನ್ನು ಬದುಕಿಸಿದ್ದು ಮಾತ್ರ ಫೋಟೋದಲ್ಲಿ ಕಾಣದ ಆ ಸಂದು.

ಅಷ್ಟಾದರೂ ಎಲ್ಲ ಕಿಡಿಯೂ ಪೆಟ್ಟಿಗೆಯೊಳಗೇ ಇರುವುದಿಲ್ಲ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಗೆನಿಡ್ ಗಣಿಯಲ್ಲಿ ಸ್ಫೋಟವಾಗಿ 439 ಗಣಿ ಕೆಲಸಗಾರರು ಸತ್ತರು. ಬ್ರಿಟನ್ನಿನ ಗಣಿಗಳಲ್ಲಿ ಅದಕ್ಕಿಂತ ದೊಡ್ಡ ದುರಂತ ಆಗಿಲ್ಲ. ಅಲ್ಲಿ ಅನುಮಾನ ಬಂದದ್ದು ದೊಡ್ಡ ಮೋಟರಿನ ಮೇಲಲ್ಲ, ಸಂಜ್ಞೆ ಕೊಡುವ ಬ್ಯಾಟರಿ ಗಂಟೆಯ ತಂತಿಯ ಮೇಲೆ. ಅಷ್ಟು ಸಣ್ಣ ಕಿಡಿಯೂ ಹೊತ್ತಿಸೀತು ಎಂದು ತಿಳಿದ ಮೇಲೆ ಇನ್ನೊಂದು ವಿದ್ಯೆ ಹುಟ್ಟಿತು. ಗಂಟೆ, ಸ್ವಿಚ್ಚಿನಂಥ ಸಣ್ಣ ಸರ್ಕ್ಯೂಟಿನಲ್ಲಿ ಕರೆಂಟನ್ನೇ ಎಷ್ಟು ಕಡಿಮೆ ಇಡಬೇಕೆಂದರೆ, ತಂತಿ ತುಂಡಾದರೂ ಬರುವ ಕಿಡಿಗೆ ಮೀಥೇನ್ ಹೊತ್ತಿಸುವ ತಾಕತ್ತು ಇರಬಾರದು.

ಆ ವಿದ್ಯೆ ಕೇಬಲ್ಲಿಗೂ ಬಂತು. ಯಂತ್ರದ ಹಿಂದೆ ಎಳೆದಾಡುವ ಕೇಬಲ್ಲಿನಷ್ಟು ಪಾಪದ ವಸ್ತು ಗಣಿಯಲ್ಲಿ ಇನ್ನೊಂದಿಲ್ಲ. ಅದರ ಮೇಲೆ ಕಲ್ಲು ಬೀಳುತ್ತದೆ, ಯಂತ್ರವೇ ಹತ್ತುತ್ತದೆ, ಕತ್ತಲಲ್ಲಿ ಪಿಕಾಸಿ ತಾಗುತ್ತದೆ. ಅದಕ್ಕಾಗಿ ಕರೆಂಟಿನ ಒಂದೊಂದು ತಂತಿಯ ಸುತ್ತಲೂ ಅರ್ಥ್ ಮಾಡಿದ ತಾಮ್ರದ ಹೊದಿಕೆ. ಮೊಳೆಯೊಂದು ಚುಚ್ಚಿದರೆ ಮೊದಲು ಸಿಗುವುದು ಅರ್ಥ್. ಎರಡು ಫೇಸ್ ಒಂದಕ್ಕೊಂದು ತಾಗಿ ದೊಡ್ಡ ಬೆಂಕಿಯಾಗುವ ಮೊದಲೇ ಹಿಂದಿನ ಸ್ವಿಚ್ ಟ್ರಿಪ್ ಆಗುತ್ತದೆ. ಜೊತೆಗೆ ಒಂದು ತೆಳು ತಂತಿ ಸುಮ್ನೆ ಕಾವಲಿಗೆ. ಅದರಲ್ಲಿ ಹರಿಯುವುದು ಬರೀ ಚೂರು ಕರೆಂಟು. ಕೇಬಲ್ ಕಿತ್ತುಹೋದರೆ ಆ ಚೂರು ನಿಲ್ಲುತ್ತದೆ, ಅದು ನಿಂತರೆ ಎಲ್ಲವೂ ಬಂದ್.

ಯಂತ್ರ ಬಂದು ಕೆಲಸಗಾರನಿಗೆ ಸುಖವಾಯಿತೇ? ಅರ್ಧ. ಸೀಳು ಹೊಡೆಯುವ ಕಷ್ಟ ತಪ್ಪಿತು. ಬಿದ್ದ ಕಲ್ಲಿದ್ದಲನ್ನು ಮೊಣಕಾಲೂರಿ ಸಲಿಕೆಯಲ್ಲಿ ತುಂಬುವುದು ತಪ್ಪಲಿಲ್ಲ. ರಾತ್ರಿ ಪಾಳಿ ಕತ್ತರಿಸಬೇಕು, ಮುಂದಿನದು ತುಂಬಬೇಕು, ಅದರ ಮುಂದಿನದು ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಸರಿಸಬೇಕು. ಒಂದು ಪಾಳಿ ತಡವಾದರೆ ಬೈಗುಳ ಮುಂದಿನವರಿಗೆ. ಹಿಂದೆ ನಾಲ್ಕೈದು ಜನ ಸೇರಿ ಮೊದಲಿನಿಂದ ಕೊನೆವರೆಗೆ ಮಾಡುತ್ತಿದ್ದ ಕೆಲಸ ಹೀಗೆ ಚೂರಾದದ್ದನ್ನು ಸಮಾಜ ವಿಜ್ಞಾನಿ ಎರಿಕ್ ಟ್ರಿಸ್ಟ್ ಮತ್ತು ತಾನೇ ಗಣಿಯಲ್ಲಿ ದುಡಿದಿದ್ದ ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ವಿವರವಾಗಿ ಬರೆದರು. ಗಣಿಯವರು ಹೇಳುತ್ತಿದ್ದ ಇನ್ನೊಂದು ದೂರು ಸದ್ದಿನದು. ಚಾವಣಿ ಕುಸಿಯುವ ಮೊದಲು ಆಸರೆಯ ಮರಗಳು ಕಿರ್ ಅನ್ನುತ್ತವೆ. ಕೈ ಕೆಲಸದವನ ಕಿವಿ ಸದಾ ಅಲ್ಲೇ ಇರುತ್ತಿತ್ತು. ಯಂತ್ರದ ಗಲಾಟೆಯಲ್ಲಿ ಅದೇ ಕೇಳಿಸುತ್ತಿರಲಿಲ್ಲ. ಧೂಳಂತೂ ಹೇಳತೀರದು. ಹಲ್ಲುಗಳಿಗೆ ನೀರು ಚಿಮುಕಿಸುವ ಪದ್ಧತಿ ಬರುವ ಮೊದಲು ಎಷ್ಟೋ ಜನರ ಶ್ವಾಸಕೋಶ ಕಪ್ಪಾಗಿತ್ತು.

1913ರಲ್ಲಿ ಬ್ರಿಟನ್ನಿನ ಕಲ್ಲಿದ್ದಲಿನಲ್ಲಿ ಶೇ. 8ರಷ್ಟನ್ನು ಮಾತ್ರ ಯಂತ್ರ ಕತ್ತರಿಸುತ್ತಿತ್ತು. 1930ರ ದಶಕದ ಕೊನೆಗೆ ಅದು ಅರ್ಧ ದಾಟಿತು. 1952ರಲ್ಲಿ ಜೇಮ್ಸ್ ಆಂಡರ್ಟನ್ ಹಳೆಯ ಯಂತ್ರದ ತೋಳು ಬಿಚ್ಚಿ, ಸುತ್ತ ಹಲ್ಲಿರುವ ಡ್ರಮ್ ಕೂರಿಸಿದ. ಅದು ಕತ್ತರಿಸಿದ್ದನ್ನು ಕನ್ವೇಯರಿಗೆ ತಾನೇ ತುಂಬಿತು. ಸಲಿಕೆಯ ಕೆಲಸ ಕೊನೆಗೂ ಹೋಯಿತು. ತೀರಾ ತೆಳು ಪದರಗಳಿಗೆ ಜರ್ಮನ್ನರ ಉಪಾಯ ಇನ್ನೂ ಸೊಗಸು. ಜಾಗವಿಲ್ಲದ ಕಡೆ ಮೋಟರ್ ಯಾಕಿಡಬೇಕು ಎಂದು ಕೇಳಿ, ಅದನ್ನು ಎರಡೂ ತುದಿಯ ದೊಡ್ಡ ಸುರಂಗಕ್ಕೆ ಸಾಗಿಸಿದರು. ಒಳಗೆ ಓಡಾಡುವುದು ಸರಪಳಿ ಎಳೆಯುವ ಒಂದು ನೇಗಿಲು ಮಾತ್ರ. ಗದ್ದೆ ಉತ್ತ ಹಾಗೆ ಪ್ರತಿ ಸಲ ಕೆಲವು ಅಂಗುಲ ಕಲ್ಲಿದ್ದಲು ಹೆರೆಯುತ್ತದೆ. ಅದನ್ನು ಓಡಿಸುವವನೂ ಸುರಂಗದಲ್ಲೇ ಕೂರಬಹುದು.

ನಮ್ಮ ದೇಶದ ಪದರಗಳು ಬಹಳ ಕಡೆ ದಪ್ಪ. ಸಿಂಗ್ರೌಲಿಯ ಜಿಂಗುರ್ಡಾ ಪದರ ನೂರು ಮೀಟರಿಗೂ ಮೀರಿದ್ದು. ಹಾಗಾಗಿ ಹೆಚ್ಚಿನ ಕಲ್ಲಿದ್ದಲು ಬಯಲು ಗಣಿಗಳಿಂದಲೇ ಬರುತ್ತದೆ. ನೆಲದಡಿ ಕತ್ತರಿಸುವುದೂ ನಿಂತಿಲ್ಲ. ರಾಯಚೂರಿನ ಶಾಖೋತ್ಪನ್ನ ಕೇಂದ್ರಕ್ಕೂ ಕಲ್ಲಿದ್ದಲು ಕೊಡುವ ತೆಲಂಗಾಣದ ಸಿಂಗರೇಣಿ ಕಂಪನಿಯ ಆಡ್ರಿಯಾಲ ಗಣಿಯಲ್ಲಿ ದೈತ್ಯ ಡ್ರಮ್ ಯಂತ್ರ ಇದೆ. ಮೀಥೇನ್ ಶೇ. 1.25 ದಾಟಿದರೆ ಕರೆಂಟು ತೆಗೆಯಬೇಕೆಂಬ ನಿಯಮ ಇದೆ. ಯಂತ್ರ ಎಷ್ಟೇ ದೊಡ್ಡದಾದರೂ ಮೋಟರ್ ಕೂರುವುದು ಅದೇ ಜಾತಿಯ ಪೆಟ್ಟಿಗೆಯಲ್ಲಿ. ಗಣಿಯ ಎಲೆಕ್ಟ್ರಿಷಿಯನ್ ಮುಚ್ಚಳದ ಅಂಚಿಗೆ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ಹಿಡಿದು ತಳ್ಳಿ ನೋಡುತ್ತಾನೆ. ಅರ್ಧ ಮಿಲಿಮೀಟರಿಗಿಂತ ದಪ್ಪನೆಯ ಎಲೆ ಒಳಗೆ ಹೋದರೆ, ಆ ಯಂತ್ರ ಓಡುವ ಹಾಗಿಲ್ಲ.