ಓಡುವವನಿಗೆ ಚೆಂಡು ಕೊಡುವವರು: ಡೆನ್ನಿಸ್ ರೊಮ್ಮೆಡಾಲ್ ಅವರ ಆಟದಿಂದ

ವೇಗವನ್ನೇ ನೆಚ್ಚಿದ ವಿಂಗರ್‌ನ, ಅಂದರೆ ಮೈದಾನದ ಬದಿಯಿಂದ ದಾಳಿ ಮಾಡುವ ಆಟಗಾರನ, ಆಟ ಮೂವತ್ತರ ಹೊತ್ತಿಗೆ ಮುಗಿಯುತ್ತದೆ ಎಂಬ ಮಾತು ನಮ್ಮ ಫುಟ್‌ಬಾಲ್ ತರಬೇತುದಾರರ ನಡುವೆ ಬಹಳ ಕಾಲದಿಂದ ಓಡಾಡುತ್ತಿದೆ. ಡೆನ್ಮಾರ್ಕ್‌ನ ಡೆನ್ನಿಸ್ ರೊಮ್ಮೆಡಾಲ್ ಅವರ ಆಟವನ್ನು ನೋಡಿದ ಮೇಲೆ ನಾನು ಆ ಮಾತನ್ನು ಒಪ್ಪುವುದಿಲ್ಲ. 2000ರಿಂದ 2013ರವರೆಗೆ ಅವರು ದೇಶದ ಪರವಾಗಿ 126 ಪಂದ್ಯ ಆಡಿದರು, 21 ಗೋಲು ಹೊಡೆದರು. ಅದೇ ಅವಧಿಯಲ್ಲಿ ಅವರ ಕ್ಲಬ್ ಜೀವನ ಏರುಪೇರಿನದು. ಕಾಲುಗಳು ಅವೇ, ಕ್ಯಾಲೆಂಡರಿನ ವರ್ಷಗಳೂ ಅವೇ, ಫಲ ಮಾತ್ರ ಬೇರೆ ಬೇರೆ. ಈ ವ್ಯತ್ಯಾಸಕ್ಕೆ ಕಾರಣ ಹುಡುಕಿದರೆ ವಿಂಗರ್‌ನ ಕೆಲಸವೇ ಅರ್ಥವಾಗುತ್ತದೆ.

ರೊಮ್ಮೆಡಾಲ್ ಹುಟ್ಟಿದ್ದು 1978ರ ಜುಲೈ 22ರಂದು, ಕೋಪನ್‌ಹೇಗನ್‌ನಲ್ಲಿ. ಲಿಂಗ್ಬಿ ಕ್ಲಬ್‌ನಿಂದ ಇನ್ನೂ ಹದಿಹರೆಯದಲ್ಲಿರುವಾಗಲೇ ನೆದರ್‌ಲೆಂಡ್ಸ್‌ನ ಪಿಎಸ್‌ವಿ ಐಂಡ್ಹೋವನ್‌ಗೆ ಹೋದರು. ಅಲ್ಲಿಂದ ಆರ್‌ಕೆಸಿ ವಾಲ್‌ವೈಕ್‌ಗೆ ಎರವಲು ಆಟಗಾರನಾಗಿ ಹೋಗಿ, ಮರಳಿ ಬಂದು, 2000, 2001 ಮತ್ತು 2003ರಲ್ಲಿ ಡಚ್ ಲೀಗ್ ಗೆದ್ದ ತಂಡಗಳಲ್ಲಿದ್ದರು. 2002ರಲ್ಲಿ ಆರ್ಯನ್ ರಾಬೆನ್ ಎಂಬ ಎಳೆಯ ಹುಡುಗ ಅದೇ ತಂಡಕ್ಕೆ ಬಂದ. ಇಂಥ ಇಬ್ಬರು ಓಟಗಾರರು ಒಂದೇ ತಂಡದಲ್ಲಿದ್ದರೆ ಬದಿಯನ್ನು ಕಾಯುವ ಎದುರಾಳಿ ಡಿಫೆಂಡರ್‌ಗಳಾದ ಫುಲ್‌ಬ್ಯಾಕ್‌ಗಳಿಗೆ ಮುಂದೆ ಹೋಗುವ ಧೈರ್ಯವಾದರೂ ಎಲ್ಲಿಂದ ಬರಬೇಕು?

ವೇಗದ ವಿಂಗರ್ ಬದಿಯ ಗೆರೆಗೆ ಅಂಟಿಕೊಂಡು ನಿಲ್ಲುವುದು ಸೋಮಾರಿತನವಲ್ಲ. ಅವನ ಬೆನ್ನು ಗೆರೆಯ ಕಡೆಗಿದ್ದರೆ ಇಡೀ ಮೈದಾನ ಕಣ್ಣ ಮುಂದಿರುತ್ತದೆ. ಚೆಂಡೂ ಕಾಣುತ್ತದೆ, ತನ್ನನ್ನು ಕಾಯುವ ಫುಲ್‌ಬ್ಯಾಕ್ ಕೂಡ ಕಾಣುತ್ತಾನೆ. ಫುಲ್‌ಬ್ಯಾಕ್‌ಗೆ ಆ ಅನುಕೂಲವಿಲ್ಲ. ಅವನು ಚೆಂಡನ್ನು ನೋಡಿದರೆ ವಿಂಗರ್ ಕಣ್ಣಿಗೆ ಮರೆಯಾಗುತ್ತಾನೆ, ವಿಂಗರ್‌ನನ್ನು ನೋಡಿದರೆ ಚೆಂಡು ಮರೆಯಾಗುತ್ತದೆ. ಹತ್ತಿರ ಬಂದು ನಿಂತರೆ ಬೆನ್ನ ಹಿಂದಿನ ಜಾಗ ಖಾಲಿ. ಹಿಂದೆ ಸರಿದರೆ ವಿಂಗರ್ ಚೆಂಡನ್ನು ನಿರಾಳವಾಗಿ ಕಾಲಿಗೆ ತೆಗೆದುಕೊಂಡು ಎದುರಿಗೇ ಬರುತ್ತಾನೆ. ಪಾಸ್ ಹೊರಟ ಕ್ಷಣದಲ್ಲಿ ಫುಲ್‌ಬ್ಯಾಕ್ ಮೈ ತಿರುಗಿಸಬೇಕು, ವಿಂಗರ್ ಆಗಲೇ ಮುಂದಕ್ಕೆ ಮುಖ ಮಾಡಿರುತ್ತಾನೆ. ರೊಮ್ಮೆಡಾಲ್‌ಗೆ ಬೇಕಾಗಿದ್ದದ್ದು ಅಷ್ಟೇ ಅಂತರ. ತಮ್ಮ ಕಾಲದ ಅತಿ ವೇಗದ ಆಟಗಾರರಲ್ಲಿ ಒಬ್ಬರೆಂದು ಹೆಸರಾದ ಅವರು ಒಮ್ಮೆ ಎರಡು ಹೆಜ್ಜೆ ಮುಂದಾದರೆ ಮತ್ತೆ ಹಿಡಿಯುವುದು ಯಾರಿಗೂ ಸುಲಭವಿರಲಿಲ್ಲ.

ಆದರೆ ಆ ಪಾಸ್ ಹೊರಡಬೇಕಲ್ಲ! ನನ್ನ ವಾದ ಇರುವುದೇ ಇಲ್ಲಿ. ವಿಂಗರ್‌ನ ವೇಗದಲ್ಲಿ ಅರ್ಧ ಪಾಲು ಪಾಸ್ ಕೊಡುವವನದು. ನಡುಮೈದಾನದ ಆಟಗಾರ, ಅಂದರೆ ಮಿಡ್‌ಫೀಲ್ಡರ್, ಚೆಂಡನ್ನು ಎರಡು ಬಾರಿ ಹೆಚ್ಚಿಗೆ ಮುಟ್ಟಿದರೆ ಓಡಿದವನು ಪಾಸ್‌ಗೆ ಮೊದಲೇ ಎದುರಾಳಿಯ ರಕ್ಷಣಾ ಸಾಲನ್ನು ದಾಟಿ ಆಫ್‌ಸೈಡ್ ಆಗುತ್ತಾನೆ, ಇಲ್ಲವೇ ಓಟ ನಿಲ್ಲಿಸಿ ಹಿಂದೆ ಬರುತ್ತಾನೆ. ಹೀಗೆ ನಾಲ್ಕು ಸಲ ಆದರೆ ಐದನೆಯ ಸಲ ಅವನು ಓಡುವುದೇ ಇಲ್ಲ. ಗ್ಯಾಲರಿಯಲ್ಲಿ ಕುಳಿತವರು ‘ಇವನಿಗೆ ಇಂದು ಮನಸ್ಸಿಲ್ಲ’ ಎನ್ನುತ್ತಾರೆ. ವೇಗದ ಆಟಗಾರರ ಬಗ್ಗೆ ಹೊರಬೀಳುವ ಅತ್ಯಂತ ಅನ್ಯಾಯದ ತೀರ್ಪು ಇದೇ ಎಂದು ನಾನು ನಂಬಿದ್ದೇನೆ.

ಡೆನ್ಮಾರ್ಕ್ ತಂಡದಲ್ಲಿ ಆ ಪಾಸ್ ಹೊರಡುತ್ತಿತ್ತು, ಏಕೆಂದರೆ ಮಾರ್ಟೆನ್ ಓಲ್ಸೆನ್ ಹಾಗೆ ಕಲಿಸಿದ್ದರು. ತಾವೇ ದೇಶಕ್ಕೆ 102 ಪಂದ್ಯ ಆಡಿದ್ದ ಡಿಫೆಂಡರ್ ಓಲ್ಸೆನ್, 1998ರಲ್ಲಿ ಅಯಾಕ್ಸ್ ತಂಡಕ್ಕೆ ಡಚ್ ಲೀಗ್ ಮತ್ತು ಕಪ್ ಎರಡನ್ನೂ ಗೆಲ್ಲಿಸಿಕೊಟ್ಟಿದ್ದ ತರಬೇತುದಾರ. 2000ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಹೊತ್ತು 2015ರವರೆಗೂ ಅದೇ ಹುದ್ದೆಯಲ್ಲಿದ್ದರು. ಎರಡೂ ಬದಿಗಳಲ್ಲಿ ಅಗಲಕ್ಕೆ ನಿಲ್ಲುವ ವಿಂಗರ್‌ಗಳು ಅವರ ಆಟದ ಬುನಾದಿ. ಬಲಗಡೆ ರೊಮ್ಮೆಡಾಲ್; ಎಡಗಡೆ ಒಮ್ಮೆ ಯೆಸ್ಪರ್ ಗ್ರೋನ್‌ಕೇರ್, ಮತ್ತೊಮ್ಮೆ ಮಾರ್ಟಿನ್ ಯಾರ್ಗನ್ಸನ್. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಆಟಗಾರನಿಗೆ ಒಬ್ಬನೇ ತರಬೇತುದಾರ, ಒಂದೇ ಜಾಗ, ಒಂದೇ ಬಗೆಯ ಪಾಸ್. ಇಂಥ ನೆಲೆ ಸಿಗುವುದು ಅಪರೂಪ.

2002ರ ಜೂನ್ 11ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಡೆನ್ಮಾರ್ಕ್ ತಂಡ ಹಾಲಿ ವಿಶ್ವ ಚಾಂಪಿಯನ್ ಫ್ರಾನ್ಸನ್ನು 2–0ರಿಂದ ಸೋಲಿಸಿತು. ಗಾಯಗೊಂಡಿದ್ದ ಫ್ರಾನ್ಸ್‌ನ ತಾರೆ ಜಿದಾನ್ ತೊಡೆಗೆ ಪಟ್ಟಿ ಕಟ್ಟಿಕೊಂಡೇ ಕಣಕ್ಕಿಳಿದಿದ್ದ ಪಂದ್ಯ ಅದು. 22ನೇ ನಿಮಿಷದಲ್ಲಿ ಸ್ಟಿಗ್ ಟಾಫ್ಟಿಂಗ್ ಕಳಿಸಿದ ಚೆಂಡಿಗೆ ಬಲಬದಿಯಿಂದ ಬಂದ ರೊಮ್ಮೆಡಾಲ್ ಮೊದಲ ಗೋಲು ಹೊಡೆದರು. ಎರಡನೆಯದು ಯೋನ್ ದಾಲ್ ತೊಮಾಸನ್ ಅವರದು. ಫ್ರಾನ್ಸ್ ಒಂದೂ ಗೋಲು ಗಳಿಸದೆ ವಿಶ್ವಕಪ್‌ನಿಂದ ಹೊರಬಿತ್ತು.

ಎರಡು ವರ್ಷಗಳ ನಂತರ ಅವರು ಇಂಗ್ಲೆಂಡಿನ ಚಾರ್ಲ್‌ಟನ್ ಅಥ್ಲೆಟಿಕ್ ಸೇರಿದರು. ಮೊದಲ ಋತುವಿನಲ್ಲೇ ನೆರೆಯ ಎದುರಾಳಿ ಕ್ರಿಸ್ಟಲ್ ಪ್ಯಾಲೆಸ್ ಮೈದಾನದಲ್ಲಿ ಕೊನೆಗಳಿಗೆಯ ಗೋಲಿನಿಂದ 1–0 ಜಯ ತಂದುಕೊಟ್ಟಾಗ ಅಭಿಮಾನಿಗಳು ಕುಣಿದಾಡಿದರು. ಅಂಥ ದಿನಗಳು ಹೆಚ್ಚು ಬರಲಿಲ್ಲ. 2007ರಲ್ಲಿ ಚಾರ್ಲ್‌ಟನ್ ಕೆಳದರ್ಜೆಗೆ ಇಳಿಯಿತು, ರೊಮ್ಮೆಡಾಲ್ ಅಯಾಕ್ಸ್‌ಗೆ ಹೋದರು. ಅಲ್ಲಿ ಮತ್ತೊಂದು ತೊಡಕು. ಅಯಾಕ್ಸ್ ಎದುರು ಆಡುವ ಹೆಚ್ಚಿನ ಡಚ್ ತಂಡಗಳು ತಮ್ಮ ಪೆನಾಲ್ಟಿ ಅಂಗಳದ ಅಂಚಿನಲ್ಲೇ ಸಾಲುಗಟ್ಟಿ ನಿಲ್ಲುತ್ತವೆ. ಬೆನ್ನ ಹಿಂದೆ ಜಾಗವೇ ಇಲ್ಲದ ಕಡೆ ನಾಗಾಲೋಟದ ಕುದುರೆಯನ್ನು ಕೊಟ್ಟಿಗೆಯೊಳಗೆ ಓಡಿಸಿದಂತೆಯೇ ಆಗುತ್ತದೆ. 2008–09ರ ಋತುವಿನಲ್ಲಿ ಅವರನ್ನು ಎನ್‌ಇಸಿ ನೈಮೇಖನ್ ತಂಡಕ್ಕೆ ಎರವಲು ಕೊಡಲಾಯಿತು. ಕ್ಲಬ್ಬಿಗೆ ಬೇಡವಾದ ಆ ದಿನಗಳಲ್ಲೂ ಓಲ್ಸೆನ್ ಅವರನ್ನು ಕೈಬಿಡಲಿಲ್ಲ. ಕ್ಲಬ್ಬಿನ ಬೆಂಚು ನೋಡಿ ಆಟಗಾರನನ್ನು ಅಳೆಯದೆ ತನ್ನ ಆಟದಲ್ಲಿ ಅವನಿಗೆ ಇರುವ ಕೆಲಸವನ್ನು ನೋಡಿದ್ದು, ನನ್ನ ದೃಷ್ಟಿಯಲ್ಲಿ, ಒಳ್ಳೆಯ ತರಬೇತುದಾರನ ಲಕ್ಷಣ.

ಅದರ ಫಲ ಕಂಡದ್ದು 2010ರ ವಿಶ್ವಕಪ್‌ನಲ್ಲಿ, ಜೂನ್ 19ರಂದು ಪ್ರಿಟೋರಿಯಾದಲ್ಲಿ ನಡೆದ ಕ್ಯಾಮರೂನ್ ವಿರುದ್ಧದ ಪಂದ್ಯದಲ್ಲಿ. ಸ್ಯಾಮುಯೆಲ್ ಎಟೊ ಹತ್ತನೇ ನಿಮಿಷದಲ್ಲೇ ಕ್ಯಾಮರೂನ್‌ಗೆ ಮುನ್ನಡೆ ತಂದಿದ್ದರು. ರೊಮ್ಮೆಡಾಲ್‌ಗೆ ಇನ್ನೊಂದು ತಿಂಗಳಲ್ಲಿ 32 ತುಂಬುವುದಿತ್ತು. 33ನೇ ನಿಮಿಷದಲ್ಲಿ, ಆಗ 21ರ ಹರೆಯದ ಡಿಫೆಂಡರ್ ಸೈಮನ್ ಕೇರ್ ಹಿಂದಿನಿಂದ ಮೈದಾನದ ಅಡ್ಡಕ್ಕೆ ಉದ್ದನೆಯ ಪಾಸ್ ಕಳಿಸಿದರು. ಬಲಬದಿಯಲ್ಲಿ ಓಡಿದ ರೊಮ್ಮೆಡಾಲ್ ಅದನ್ನು ಹತೋಟಿಗೆ ತಂದು ಗೋಲಿನ ಮುಂದಕ್ಕೆ ತಳ್ಳಿದರು, ನಿಕ್ಲಾಸ್ ಬೆಂಟ್ನರ್ ಜಾರಿ ಬಂದು ಚೆಂಡನ್ನು ಬಲೆಗೆ ಸೇರಿಸಿದರು. ಕೇರ್ ತಲೆ ಎತ್ತಿ ನೋಡುವ ಮೊದಲೇ ಓಟ ಎಲ್ಲಿಗೆ ಎಂಬುದು ಇಬ್ಬರಿಗೂ ತಿಳಿದಿತ್ತು ಎಂದೇ ನನಗೆ ಅನಿಸುತ್ತದೆ.

61ನೇ ನಿಮಿಷದ ಗೋಲು ಬೇರೆಯದೇ ಜಾತಿಯದು. ಮತ್ತೆ ಬಲಬದಿ, ಎದುರಿಗೆ ಜಾನ್ ಮಾಕೂನ್. ಅಷ್ಟು ಹೊತ್ತು ಹೊರಬದಿಯ ಓಟವನ್ನೇ ಕಂಡಿದ್ದ ಎದುರಾಳಿ ಗೆರೆಯ ಕಡೆಯನ್ನೇ ಕಾಯುವುದು ಸಹಜ. ರೊಮ್ಮೆಡಾಲ್ ಒಳಕ್ಕೆ ತಿರುಗಿ ಮಾಕೂನ್ ಅವರನ್ನು ದಾಟಿ, ಎಡಗಾಲಿನಿಂದ ಚೆಂಡನ್ನು ದೂರದ ಮೂಲೆಗೆ ಬಾಗಿಸಿ ಹೊಡೆದರು. ಡೆನ್ಮಾರ್ಕ್ 2–1ರಿಂದ ಗೆದ್ದಿತು. ವಯಸ್ಸಾದಂತೆ ವೇಗದ ಆಟಗಾರನಿಗೆ ದಕ್ಕುವ ಆಸ್ತಿ ಇದು: ಅವನ ಓಟದ ಬಗ್ಗೆ ಎದುರಾಳಿಗೆ ಇರುವ ಭಯ. ಓಟ ಒಂದು ಹೆಜ್ಜೆ ಕುಗ್ಗಿದರೂ ಭಯ ಅಷ್ಟು ಬೇಗ ಕುಗ್ಗುವುದಿಲ್ಲ. ಒಳದಾರಿ ತೆರೆದುಕೊಳ್ಳುವುದು ಅದರಿಂದಲೇ. ಹೊರಗೆ ಓಡಬಲ್ಲೆ ಎಂದು ಮೊದಲು ತೋರಿಸದ ವಿಂಗರ್‌ಗೆ ಈ ಒಳದಾರಿ ಸಿಗುವುದಿಲ್ಲ. ಮೊದಲ ನಿಮಿಷದಿಂದಲೇ ಒಳಕ್ಕೆ ನುಗ್ಗಲು ಹವಣಿಸುವ ಇಂದಿನ ಹುಡುಗರಿಗೆ ನಾನು ಈ ಪಂದ್ಯವನ್ನು ತೋರಿಸುವುದು ಇದಕ್ಕಾಗಿಯೇ.

ಮುಂದಿನ ಪಂದ್ಯದಲ್ಲಿ ಜಪಾನ್ ಎದುರು 3–1ರಿಂದ ಸೋತು ಡೆನ್ಮಾರ್ಕ್ ಮನೆಗೆ ಮರಳಿತು. ರೊಮ್ಮೆಡಾಲ್ ಒಲಿಂಪಿಯಾಕೋಸ್ ಸೇರಿ ಗ್ರೀಕ್ ಲೀಗ್ ಗೆದ್ದರು, ಬಳಿಕ ತಾಯ್ನಾಡಿನ ಬ್ರೋನ್‌ಬಿಗೆ ಬಂದರು. 2012ರ ಯೂರೋ ಕಪ್‌ನಲ್ಲಿ ಖಾರ್ಕಿವ್‌ನಲ್ಲಿ ನೆದರ್‌ಲೆಂಡ್ಸನ್ನು 1–0ರಿಂದ ಮಣಿಸಿದ ತಂಡದಲ್ಲೂ ಬಲಬದಿ ಅವರದೇ. ಆಗ ವಯಸ್ಸು 33. ಎಳವೆಯಲ್ಲಿ ಎರವಲು ಆಟಗಾರನಾಗಿ ಆಡಿದ್ದ ವಾಲ್‌ವೈಕ್‌ನಲ್ಲೇ ಕೊನೆಯ ಋತುವನ್ನೂ ಆಡಿ 2014ರಲ್ಲಿ ನಿವೃತ್ತರಾದರು.

ತರಬೇತಿ ಕೊಡುವ ಗೆಳೆಯರಿಗೆ ಒಂದು ಸಲಹೆ. ವೇಗದ ಹುಡುಗನೊಬ್ಬ ತಂಡದಲ್ಲಿದ್ದರೆ ಅವನೊಬ್ಬನಿಗೇ ಓಟದ ಅಭ್ಯಾಸ ಮಾಡಿಸಬೇಡಿ. ಸೆಂಟರ್‌ಬ್ಯಾಕ್ (ನಡುವಿನ ಡಿಫೆಂಡರ್) ಮತ್ತು ಮಿಡ್‌ಫೀಲ್ಡರ್ ಇಬ್ಬರನ್ನೂ ಅವನ ಜೊತೆಗೆ ನಿಲ್ಲಿಸಿ. ಚೆಂಡು ಬರುವ ಮೊದಲು ಮಿಡ್‌ಫೀಲ್ಡರ್ ಒಮ್ಮೆ ಬದಿಯ ಕಡೆ ಕಣ್ಣು ಹಾಯಿಸಲಿ, ಎರಡನೇ ಸ್ಪರ್ಶಕ್ಕೇ ಪಾಸ್ ಹೊರಡಲಿ. ವಿಂಗರ್ ನೇರ ಓಡದೆ, ಆಫ್‌ಸೈಡ್ ಗೆರೆಗೆ ಸಮಾನಾಂತರವಾಗಿ ಬಾಗಿ ಓಡಿ, ಪಾಸ್ ಕೊಡುವವನ ಕಾಲು ಹಿಂದಕ್ಕೆ ಹೋದಾಗ ಮುಂದಕ್ಕೆ ಚಿಮ್ಮಲಿ. ಪಾಸ್ ತಡವಾದಾಗಲೆಲ್ಲ ಆಟ ನಿಲ್ಲಿಸಿ, ತಿದ್ದಬೇಕಾದದ್ದು ಯಾರನ್ನು ಎಂದು ಎಲ್ಲರ ಎದುರು ಸ್ಪಷ್ಟವಾಗಿ ಹೇಳಿ. ಓಡಿದ ಹುಡುಗ ಆ ಮಾತನ್ನು ಕೇಳಿಸಿಕೊಳ್ಳಬೇಕು.