ಪ್ಲೇಗಿನಿಂದ ವೃಷಭಾವತಿಯವರೆಗೆ: ಬೆಂಗಳೂರಿನ ಕೊಳಕು, ಬೆಂಗಳೂರಿನ ಕಾಯಿಲೆ

1898ರ ಆಗಸ್ಟ್‌ನಲ್ಲಿ ಪ್ಲೇಗು ಬೆಂಗಳೂರಿಗೆ ಬಂದದ್ದು ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಕಮ್ಮಿ, ಪಕ್ಕದಲ್ಲೇ ದವಸದ ಮಂಡಿಗಳು. ಇಲಿಗಳಿಗೆ ಇನ್ನೇನು ಬೇಕು? ಸಾವಿರಾರು ಜನ ಸತ್ತರು. ಪ್ಲೇಗಮ್ಮನಿಗೆ ಅಂತ ಕಟ್ಟಿದ ಗುಡಿಗಳು ಊರಲ್ಲಿ ಇನ್ನೂ ಇವೆ.

ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತುಂಬಿಕೊಂಡದ್ದು ಆ ಭಯದ ದಿನಗಳಲ್ಲಿ. ಅಗಲ ರಸ್ತೆ, ಮನೆ ಸುತ್ತ ಜಾಗ, ಹಿಂದುಗಡೆ ಕನ್ಸರ್ವೆನ್ಸಿ ಓಣಿ. ಹಿತ್ತಿಲ ಕಕ್ಕಸಿನಿಂದ ಮಲ ಹೊತ್ತು ಸಾಗಿಸುವವರು ಮುಂಬಾಗಿಲ ಕಡೆ ಬರದಿರಲಿ ಅಂತ ಮಾಡಿದ ದಾರಿ ಅದು. ಮಲ್ಲೇಶ್ವರದಲ್ಲಿ ಈಗಲೂ ಆ ಓಣಿಗಳನ್ನು ನೋಡಬಹುದು. ವಾಸದ ಜಾಗ ಸರಿ ಇದ್ದರೆ ಕಾಯಿಲೆ ಕಮ್ಮಿಯಾಗುತ್ತದೆ ಅನ್ನೋದು ಆಗಲೇ ಗೊತ್ತಿತ್ತು. ಆದರೆ ಸೈಟು ಸಿಕ್ಕಿದ್ದು ಕೈಯಲ್ಲಿ ಕಾಸಿದ್ದವರಿಗೆ. ಹೊಲಸು ಹೊತ್ತವರು, ಪೇಟೆಯ ಬಡವರು ಇದ್ದಲ್ಲೇ ಉಳಿದರು. ನನಗೆ ನೋವಾಗುವುದು ಇಲ್ಲೇ.

ಆಮೇಲೆ ನೀರು ಬಂತು. ಮೊದಲು ಹೆಸರಘಟ್ಟ ಕೆರೆಯಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಿಂದ, 1974ರಲ್ಲಿ ಕಾವೇರಿಯಿಂದ. ಬಂದ ನೀರೆಲ್ಲ ಕೊಳಕಾಗಿ ಎಲ್ಲೋ ಹೋಗಲೇಬೇಕಲ್ವಾ? ಒಳಚರಂಡಿ ಸಾಲಲಿಲ್ಲ. ಮಳೆನೀರನ್ನು ಕೆರೆಯಿಂದ ಕೆರೆಗೆ ಒಯ್ಯುತ್ತಿದ್ದ ರಾಜಕಾಲುವೆಗಳಿಗೆ ಅದನ್ನು ಬಿಟ್ಟರು. ಬೆಳ್ಳಂದೂರು ಕೆರೆ ನೊರೆ ಉಗುಳಿತು. 2015ರಲ್ಲಿ, 2017ರಲ್ಲಿ, 2018ರಲ್ಲಿ ಹೊತ್ತಿ ಉರಿಯಿತು. ಬಸವನಗುಡಿಯಲ್ಲೇ ಹುಟ್ಟುವ ವೃಷಭಾವತಿ ನದಿ ಮೈಸೂರು ರಸ್ತೆ ಪಕ್ಕದಲ್ಲಿ ಮೋರಿಯಾಗಿ ಹರಿಯುತ್ತಿದೆ.

ಮೋರಿ ಪಕ್ಕದ ಮನೆಗಳಲ್ಲಿ ದೇವರ ಬೆಳ್ಳಿ ದೀಪ ಬೇಗ ಕಪ್ಪಾಗುತ್ತದೆ. ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲದ ಕೆಲಸ ಅದು. ಕೆಟ್ಟ ಮೊಟ್ಟೆಯ ನಾತವೂ ಅದರದ್ದೇ. ಅದೇ ಗಾಳಿಯನ್ನು ಮಗು ರಾತ್ರಿಯಿಡೀ ಉಸಿರಾಡುತ್ತದೆ. ತಲೆನೋವು, ಕಣ್ಣುರಿ ಅಂತ ಡಾಕ್ಟರ ಹತ್ತಿರ ಹೋದರೆ ಮಾತ್ರೆ ಸಿಗುತ್ತದೆ, ಮೋರಿ ಹಾಗೇ ಇರುತ್ತದೆ.

ಡೆಂಗಿಯ ಕಥೆ ಬೇರೆ. ಆ ಸೊಳ್ಳೆಗೆ ಮೋರಿ ಬೇಡ, ನಿಂತ ತಿಳಿನೀರು ಸಾಕು. ನಲ್ಲಿ ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಜನ ಡ್ರಮ್ಮು, ಬಿಂದಿಗೆ ತುಂಬಿಸಿ ಇಡಲೇಬೇಕು. ಮುಚ್ಚಳ ಇಲ್ಲದ ಡ್ರಮ್ಮಿನಲ್ಲಿ ಒಂದು ವಾರ, ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ನೀರು ನಿಲ್ಲಿಸಿಕೊಂಡವರಿಗೆ ದಂಡವನ್ನೂ ಗೊತ್ತುಮಾಡಿತು. ನೀರೇ ಸರಿಯಾಗಿ ಬರದ ಮನೆಗೆ ದಂಡ ಹಾಕುವುದು ಯಾವ ನ್ಯಾಯ? ಮೊದಲು ನಲ್ಲಿ ದಿನಾ ಬರಲಿ.

ಇತ್ತ ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಸೇರುತ್ತದೆ. ಮನೆಗಳ ಕೊಳಚೆ, ಕಾರ್ಖಾನೆಗಳ ರಾಸಾಯನಿಕ ಎರಡೂ ಅದರಲ್ಲಿವೆ. ಸುತ್ತಲ ರೈತರಿಗೆ ಹೊಲಕ್ಕೆ ಬಿಡಲು ಇರುವುದು ಆ ನೀರೇ. ಅದರಲ್ಲೇ ದನದ ಮೇವು ಬೆಳೆಯುತ್ತಾರೆ. ಬಾವಿ, ಬೋರ್‌ವೆಲ್ಲಿನ ನೀರೂ ಕೆಟ್ಟಿದೆ. ಆ ಊರುಗಳಲ್ಲಿ ಕುಡಿಯುವ ನೀರನ್ನು, ಹಾಲನ್ನು ಆಗಾಗ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಖರ್ಚು ಬೆಂಗಳೂರಿನದ್ದಾಗಬೇಕು.